ಬಾಗಿಲು ಮುಚ್ಚಿ ಕೇಳಬೇಕಾದ ಪ್ರಶ್ನೆ

ಅವಳಿ ಎಂಬ ಯಂತ್ರ ಚನ್ನವೀರ ಮುಳಗುಂದನಿಗೆ ಹಸಿರು ಚೀಟಿ ಕೊಟ್ಟ ದಿನ ಅವನ ಮನೆಯಲ್ಲಿ ಹೋಳಿಗೆ ಮಾಡಿದ್ದರು. ಹುಬ್ಬಳ್ಳಿಯಲ್ಲಿ ಆ ವರ್ಷಗಳಲ್ಲಿ ಅದು ರೂಢಿಯೇ ಆಗಿಬಿಟ್ಟಿತ್ತು. ಅರವತ್ತರ ಆಸುಪಾಸಿನ ಗಂಡಸರಿರುವ ಮನೆಯಿಂದ ಹಬ್ಬವಲ್ಲದ ದಿನ ಹೋಳಿಗೆಯ ವಾಸನೆ ಬಂತೆಂದರೆ, ಅಕ್ಕಪಕ್ಕದವರು "ಹಸಿರ ಬಂತೇನ್ರಿ?" ಎಂದು ಕಿಟಕಿಯಿಂದಲೇ ಕೇಳುತ್ತಿದ್ದರು.

ಹಸಿರು ಎಂದರೆ ಫೋಕಲ್ ಥೆರಪಿ. ಪ್ರಾಸ್ಟೇಟ್ ಕ್ಯಾನ್ಸರ್ ಇನ್ನೂ ಗ್ರಂಥಿಯ ಒಳಗೇ ಇದ್ದರೆ, ಇಡೀ ಗ್ರಂಥಿಯನ್ನು ತೆಗೆಯದೆ, ಗಂಟು ಇರುವ ಜಾಗವನ್ನಷ್ಟೇ ಧ್ವನಿತರಂಗದ ಕಾವಿನಿಂದ ಸುಡುವ ಚಿಕಿತ್ಸೆ. ಇವತ್ತು ಹೋದವರು ನಾಳೆ ಮನೆಗೆ. ಮೂತ್ರದ ಹಿಡಿತ ತಪ್ಪುವುದಿಲ್ಲ, ಗಂಡಸುತನ ಬಹುಪಾಲು ಉಳಿಯುತ್ತದೆ. ಕೆಂಪು ಚೀಟಿ ಬಂದವರಿಗೆ ಇಡೀ ಗ್ರಂಥಿಗೆ ಶಸ್ತ್ರಚಿಕಿತ್ಸೆ ಅಥವಾ ವಿಕಿರಣ. ಅವರೂ ಬದುಕುತ್ತಿದ್ದರು, ಆದರೆ ಕೆಲವರು ಡೈಪರ್ ಕಟ್ಟಿಕೊಂಡು, ಕೆಲವರು ಹೆಂಡತಿಯ ಕಣ್ಣು ತಪ್ಪಿಸಿಕೊಂಡು. ಹಳದಿ ಬಂದವರು ಸುಮ್ಮನೆ ಕಾಯಬೇಕು.

ಯಾರಿಗೆ ಯಾವುದು ಎಂಬುದು ಬಹಳ ವರ್ಷಗಳ ಜಗಳ. ಒಂದೇ ಎಂಆರ್‌ಐ ನೋಡಿ ಇಬ್ಬರು ವೈದ್ಯರು ಎರಡು ಮಾತು ಹೇಳುತ್ತಿದ್ದರು. ಆ ಜಗಳ ಮುಗಿಸಿದ್ದು ಅವಳಿ. ಸ್ಕ್ಯಾನು, ಇಪ್ಪತ್ತನಾಲ್ಕು ಸೂಜಿಯ ಬಯಾಪ್ಸಿ, ರಕ್ತದ ವರದಿಗಳು ಮತ್ತು ರೋಗಿಯೊಡನೆ ನಡೆಸಿದ ಸಂದರ್ಶನ, ಇಷ್ಟನ್ನು ಕೊಟ್ಟರೆ ಅದು ಗಣಕದೊಳಗೆ ಆ ಮನುಷ್ಯನ ಗ್ರಂಥಿಯ ಇನ್ನೊಂದು ಪ್ರತಿಯನ್ನು ಕಟ್ಟುತ್ತಿತ್ತು. ಆ ಪ್ರತಿಯಲ್ಲಿ ಗಂಟನ್ನು ಸುಟ್ಟು, ಮುಂದಿನ ಹದಿನೈದು ವರ್ಷಗಳನ್ನು ಹತ್ತು ಸಾವಿರ ಸಲ ಓಡಿಸಿ ನೋಡುತ್ತಿತ್ತು. ನೂರಕ್ಕೆ ತೊಂಬತ್ತೈದು ಸಲ ರೋಗ ಮರಳದಿದ್ದರೆ ಹಸಿರು.

ಅದರ ಜಾಣತನವೆಲ್ಲ ಒಂದು ತಾಳೆ ನೋಡುವುದರಲ್ಲಿತ್ತು. ಪ್ರಾಸ್ಟೇಟ್ ಗ್ರಂಥಿ ಪಿಎಸ್‌ಎ ಎಂಬ ಪ್ರೋಟೀನನ್ನು ರಕ್ತಕ್ಕೆ ಬಿಡುತ್ತದೆ. ಆರೋಗ್ಯವಾಗಿರುವ ಭಾಗದಿಂದ ಇಷ್ಟು, ಕಣ್ಣಿಗೆ ಕಂಡ ಗಂಟಿನಿಂದ ಇಷ್ಟು ಎಂದು ಅವಳಿ ಅಂದಾಜು ಕಟ್ಟುತ್ತಿತ್ತು. ರಕ್ತದಲ್ಲಿ ಅದಕ್ಕಿಂತ ಹೆಚ್ಚು ಸಿಕ್ಕರೆ ಕಾಣದ ಇನ್ನೊಂದು ಗಂಟು ಎಲ್ಲೋ ಅಡಗಿದೆ ಎಂದರ್ಥ. ಆಗ ಮತ್ತೆ ಸೂಜಿ ಹಾಕಿ ಹುಡುಕಿರೆಂದು ಹೇಳುತ್ತಿತ್ತು.

ಆರು ವರ್ಷದಲ್ಲಿ ಅದರ ತಪ್ಪು ನೂರಕ್ಕೆ ಐದನ್ನು ದಾಟಲಿಲ್ಲ. ಹಾಗಾಗಿ ಚಿಕಿತ್ಸೆಯಾದ ಒಂದು ವರ್ಷಕ್ಕೆ ಮಾಡುತ್ತಿದ್ದ ಮರುಬಯಾಪ್ಸಿ ಮತ್ತು ಸ್ಕ್ಯಾನನ್ನು ಹಸಿರಿನವರಿಗೆ ರದ್ದು ಮಾಡಿದರು. ಆರು ತಿಂಗಳಿಗೊಮ್ಮೆ ಬೆರಳು ಚುಚ್ಚಿ ಒಂದು ಹನಿ ರಕ್ತವನ್ನು ಕಾರ್ಡಿನ ಮೇಲೆ ಒತ್ತಿ ಅಂಚೆಗೆ ಹಾಕಿದರೆ ಸಾಕು. ಯಾರೂ ತಕರಾರು ಮಾಡಲಿಲ್ಲ. ಸೂಜಿ ಬೇಡವೆಂದರೆ ಬೇಕು ಎನ್ನುವವರು ಯಾರು?

ಚನ್ನವೀರನ ಹೆಂಡತಿ ನೀಲಗಂಗಾ ಹುಬ್ಬಳ್ಳಿ-ಧಾರವಾಡದ ನಡುವೆ ಅವಳಿಯನ್ನು ನಡೆಸುತ್ತಿದ್ದ ಆಯ್ಕೆ ಕೇಂದ್ರದಲ್ಲಿ ಸಂದರ್ಶನ ವಿಭಾಗದ ಮುಖ್ಯಸ್ಥೆ. ನಲವತ್ತು ಪ್ರಶ್ನೆಗಳ ನಮೂನೆಯನ್ನು ರೂಪಿಸಿದವಳು ಅವಳೇ. ಅದರ ಏಳನೆಯ ನಿಯಮವನ್ನು ಬರೆದವಳೂ ಅವಳೇ: ರೋಗಿಯನ್ನು ಒಬ್ಬನೇ ಕೂರಿಸಿ ಕೇಳಬೇಕು, ಮನೆಯವರು ಹೊರಗಿರಬೇಕು, ಬಾಗಿಲು ಮುಚ್ಚಿರಬೇಕು, ಮುಚ್ಚಿದ ಹೊತ್ತನ್ನು ನಮೂದಿಸಬೇಕು. ಹೆಂಡತಿ ಪಕ್ಕದಲ್ಲಿದ್ದಾಗ ಗಂಡಸರು ಬೀಡಿಯಿಂದ ಹಿಡಿದು ಹಾಸಿಗೆಯವರೆಗೆ ಹೇಗೆ ಸುಳ್ಳು ಹೇಳುತ್ತಾರೆ ಎಂಬುದನ್ನು ಅವಳು ಮೊದಲ ವರ್ಷದ ಇನ್ನೂರು ಸಂದರ್ಶನಗಳಲ್ಲಿ ಕಂಡಿದ್ದಳು.

ತನ್ನ ಗಂಡನ ವಿಷಯದಲ್ಲಿ ಮಾತ್ರ ಅವಳು ಆ ನಿಯಮ ಪಾಲಿಸಲಿಲ್ಲ.

ಅದಕ್ಕೆ ಕಾರಣವಿತ್ತು. ಚನ್ನವೀರ ಇಪ್ಪತ್ತೆರಡು ವರ್ಷ ನಾಟಕ ಕಂಪನಿಯಲ್ಲಿ ಹೀರೋ ಪಾರ್ಟು ಮಾಡಿದವನು. ಕಂಪನಿ ಮುಚ್ಚಿದ ಮೇಲೆ ಮದುವೆ, ಸಮಾರಂಭಗಳಲ್ಲಿ ನಿರೂಪಣೆ ಮಾಡುತ್ತಿದ್ದ. ಕೇಂದ್ರದ ಸಿಬ್ಬಂದಿಯೆಲ್ಲ ಅವನ ನಾಟಕ ನೋಡಿದವರೇ. ಮೂವತ್ತೊಂದರಿಂದ ಮೂವತ್ತಾರರವರೆಗಿನ ಪ್ರಶ್ನೆಗಳು ಗಂಡ-ಹೆಂಡಿರ ಖಾಸಗಿ ಬದುಕಿನವು. ಅವನಿಗೆ ಮುಜುಗರವಾದೀತು ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ನಿಜವಾಗಿ ಮುಜುಗರವಿದ್ದದ್ದು ಅವಳಿಗೆ. ಆದ್ದರಿಂದ ಒಂದು ಭಾನುವಾರ ಮಧ್ಯಾಹ್ನ ಅಡುಗೆಮನೆಯಲ್ಲೇ ನಮೂನೆ ಬಿಚ್ಚಿದಳು. ಊಟಕ್ಕೆಂದು ಬಂದಿದ್ದ ಅವಳ ತಮ್ಮ ಶಿವಯೋಗಿ ಎದುರಿಗೇ ಕೂತು ರೊಟ್ಟಿ ಮುರಿಯುತ್ತಿದ್ದ.

"ಪ್ರಶ್ನೆ ಮೂರು. ಏನರ ಗುಳಿಗಿ ತಗೋತೀರೇನ್ರಿ?"

"ಬಿಪಿದು ಒಂದ. ದಿನಾ ನೀನ ಕೈಯಾಗ ಹಾಕ್ತಿ, ಮತ್ತ ನನ್ನ ಕೇಳ್ತಿಯಲ್ಲ!"

"ಬ್ಯಾರೆ ಏನೂ ಇಲ್ಲ?"

ಉತ್ತರ ಕೊಟ್ಟವನು ಶಿವಯೋಗಿ. ತನ್ನ ಬೋಳು ತಲೆ ಸವರಿಕೊಳ್ಳುತ್ತ, "ಮಾಮಾಗ ಗುಳಿಗಿ ಯಾಕಬೇಕ ಅಕ್ಕಾ? ತಲಿ ನೋಡು ಅವರದ, ಇಪ್ಪತ್ತರ ಹುಡುಗನಂಗ ಐತಿ. ಎಲ್ಲಾ ನಿನ್ನ ಎಣ್ಣಿ ಪ್ರತಾಪ. ನನ್ನ ತಲಿಗೆ ಯಾಕ ಹತ್ತಲಿಲ್ಲೋ ಆ ಶಿವಾನ ಬಲ್ಲ," ಎಂದ.

"ತಡಾ ಮಾಡಿ ಹಚ್ಚಿದಿ ತಮ್ಮಾ," ಎಂದು ಚನ್ನವೀರ ನಕ್ಕ. ಮೂವರೂ ನಕ್ಕರು. ನೀಲಗಂಗಾ 'ರಕ್ತದೊತ್ತಡದ ಗುಳಿಗೆ ಮಾತ್ರ' ಎಂದು ಬರೆದು ಮುಂದಿನ ಪ್ರಶ್ನೆಗೆ ಹೋದಳು.

ಆ ಎಣ್ಣೆ ಅವರ ಬಳಗದಲ್ಲೆಲ್ಲ ಹೆಸರಾಗಿತ್ತು. ಗರಗದ ಸೊಪ್ಪು ಅರೆದು, ಮೆಂತ್ಯ ಹಾಕಿ, ಕೊಬ್ಬರಿ ಎಣ್ಣೆಯಲ್ಲಿ ಸಣ್ಣ ಉರಿಯ ಮೇಲೆ ಮೂರು ತಾಸು ಕಾಸುವುದು. ಮದುವೆಯಾದ ವರ್ಷ ಅತ್ತೆಯಿಂದ ಕಲಿತದ್ದನ್ನು ಅವಳು ಒಂದು ತಿಂಗಳೂ ತಪ್ಪಿಸಿರಲಿಲ್ಲ. ಬೇರೆ ಹೀರೋಗಳು ನಲವತ್ತು ದಾಟುತ್ತಲೇ ಟೋಪನ್ ಹಾಕಿಕೊಂಡರೆ, ಚನ್ನವೀರ ಐವತ್ತರಲ್ಲೂ ಸ್ವಂತ ಕೂದಲಲ್ಲಿ ಸ್ಟೇಜಿಗೆ ಬರುತ್ತಿದ್ದ. ಬಂಧುಗಳು ಬಾಟಲಿ ಹಿಡಿದುಕೊಂಡು ಬಂದು ಎಣ್ಣೆ ತುಂಬಿಸಿಕೊಂಡು ಹೋಗುತ್ತಿದ್ದರು.

ಹಸಿರು ಬಂತು. ಎಡಭಾಗದ ಒಂಬತ್ತು ಮಿಲಿಮೀಟರಿನ ಗಂಟನ್ನು ಸುಟ್ಟರು. ವಾರದೊಳಗೆ ಚನ್ನವೀರ ಮೈಕು ಹಿಡಿದ. ಪ್ರತಿ ಆರು ತಿಂಗಳಿಗೆ ನೀಲಗಂಗಾ ತಾನೇ ಅವನ ಬೆರಳು ಚುಚ್ಚಿ ಕಾರ್ಡು ಕಳಿಸಿದಳು. ಮೊದಲ ವರ್ಷ 1.1, ಎರಡನೆಯ ವರ್ಷದ ಕೊನೆಗೆ 1.3, ಮೂರನೆಯ ವರ್ಷದ ಕೊನೆಗೆ 1.6. ಎಚ್ಚರಿಕೆಯ ಗೆರೆ ಇದ್ದದ್ದು ಮೂರರ ಮೇಲೆ.

ಮೂರು ವರ್ಷ ಎರಡು ತಿಂಗಳ ನಂತರ, ಒಂದು ಕಾಲೇಜಿನ ವಾರ್ಷಿಕೋತ್ಸವದಲ್ಲಿ ಅತಿಥಿಗಳನ್ನು ಸ್ವಾಗತಿಸುತ್ತಿದ್ದ ಚನ್ನವೀರನ ಬಲಗಾಲು ಇದ್ದಕ್ಕಿದ್ದಂತೆ ಸೋತು, ಅವನು ಮೈಕಿನ ಸಮೇತ ಕುಸಿದ. ಜನ ಮೊದಲು ಚಪ್ಪಾಳೆ ತಟ್ಟಿದರು; ನಟನಲ್ಲವೇ, ಏನೋ ತಮಾಷೆ ಎಂದುಕೊಂಡು.

ಸ್ಕ್ಯಾನಿನಲ್ಲಿ ಬೆನ್ನುಮೂಳೆಯ ನಾಲ್ಕು ಕಡೆ, ಸೊಂಟದ ಎಲುಬಿನಲ್ಲಿ ಎರಡು ಕಡೆ ಕಲೆಗಳು ಕಂಡವು. ಪ್ರಾಸ್ಟೇಟಿನಿಂದಲೇ ಹೋದದ್ದು. ಬೆನ್ನುನೋವು ಎಷ್ಟು ದಿನದಿಂದ ಎಂದು ವೈದ್ಯರು ಕೇಳಿದರು. "ಒಂದು ಎರಡ ವಾರದಿಂದ, ಸ್ವಲ್ಪ," ಎಂದ ಚನ್ನವೀರ, ಪಕ್ಕದಲ್ಲಿ ನಿಂತಿದ್ದ ಹೆಂಡತಿಯ ಮುಖ ನೋಡಿ. ಇನ್ನು ಗುಣ ಎಂಬ ಮಾತಿಲ್ಲ, ಹಾರ್ಮೋನಿನ ಇಂಜೆಕ್ಷನ್ನಿನಿಂದ ತಡೆಹಿಡಿಯಬಹುದು ಎಂದರು ವೈದ್ಯರು. ಎಷ್ಟು ವರ್ಷ ಎಂದು ನೀಲಗಂಗಾ ಕೇಳಲಿಲ್ಲ. ಅಂಕಿಗಳು ಅವಳಿಗೆ ಬಾಯಿಪಾಠವಿದ್ದವು.

*

ಕೇಂದ್ರದ ಕಂಟ್ರೋಲ್ ರೂಮಿನಲ್ಲಿ ಅವಳಿಯನ್ನು ನೋಡಿಕೊಳ್ಳುವ ಎಂಜಿನಿಯರ್ ದಾವಲ್‌ಮಲಿಕ್ ಹಳೆಯ ಕಡತ ತೆರೆದ. ಗೋಡೆಯ ಪರದೆಯ ಮೇಲೆ ಚನ್ನವೀರನ ಗ್ರಂಥಿ ತಿರುಗತೊಡಗಿತು. ಅಕ್ರೋಟು ಗಾತ್ರದ ಬೂದು ಆಕೃತಿ, ಎಡಕ್ಕೆ ಒಂದು ಕೆಂಪು ಚುಕ್ಕೆ.

"ಸ್ಕ್ಯಾನ್ ಸರಿ ಐತ್ರಿ ಮೇಡಂ. ಬಯಾಪ್ಸಿ ಸ್ಲೈಡು ಇಬ್ಬರು ಡಾಕ್ಟರ ಕಡೆ ಮತ್ತ ಓದಿಸೀನಿ, ಅವೂ ಸರಿ. ಯಂತ್ರದ್ದ ತಪ್ಪ ಹುಡುಕಿ ಹುಡುಕಿ ನನಗ ಸಾಕಾತು."

"ಹಂಗಾದ್ರ ಈಗಿನ ರೋಗದಿಂದ ಹಿಂದಕ್ಕ ಓಡಿಸು," ಎಂದಳು ನೀಲಗಂಗಾ. "ಇವತ್ತು ಎಲುಬಿನಾಗ ಇಷ್ಟ ಇರಬೇಕಂದ್ರ ಅವತ್ತು ಗ್ರಂಥಿಯೊಳಗ ಏನ ಇತ್ತು? ಅದನ್ನ ಕೇಳು."

ಯಂತ್ರ ನಲವತ್ತು ನಿಮಿಷ ತೆಗೆದುಕೊಂಡಿತು. ಗ್ರಂಥಿಯ ಮುಂಭಾಗದಲ್ಲಿ, ಸೂಜಿಗಳು ಸಾಮಾನ್ಯವಾಗಿ ತಲುಪದ ಜಾಗದಲ್ಲಿ, ಚಪ್ಪಟೆಯಾದ ಎರಡನೆಯ ಗಂಟೊಂದು ಮೂಡಿತು. ಸ್ಕ್ಯಾನಿನಲ್ಲಿ ಅದು ಮಾಂಸದ ಬಣ್ಣದಲ್ಲೇ ಕರಗಿಹೋಗಿತ್ತು.

"ಇದು ಇದ್ದಿದ್ರ ಪಿಎಸ್‌ಎ ತಾಳಿ ಆಗ್ತಿದ್ದಿಲ್ರಿ," ಎಂದ ದಾವಲ್. "ರಕ್ತದಾಗ ಹತ್ತರ ಮ್ಯಾಲ ಇರಬೇಕಿತ್ತು. ನಮಗ ಬಂದದ್ದು 5.1. ಅದಕ್ಕ ಅವಳಿ ಸುಮ್ಮನ ಕುಂತಿತ್ತು."

"ಎರಡರಿಂದ ಗುಣಿಸು."

"ಏನ್ರಿ?"

"5.1 ತಗದು 10.2 ಹಾಕು. ಹಿಂದಿನ ನಾಕೂ ವರ್ಷದ್ದು ಎರಡರಿಂದ ಗುಣಿಸಿ ಹಾಕು. ಬ್ಯಾರೆ ಏನೂ ಮುಟ್ಟಬ್ಯಾಡ."

ಅವನು ಹಾಕಿದ. ಒಂದು ನಿಮಿಷವೂ ಹಿಡಿಯಲಿಲ್ಲ. ಪರದೆಯ ಮೇಲೆ ಹಳದಿ ಅಕ್ಷರದಲ್ಲಿ ಸಾಲು ಬಂತು: ಆಯ್ಕೆ ತಡೆಹಿಡಿಯಲಾಗಿದೆ. ಮುಂಭಾಗದಿಂದ ಆರು ಸೂಜಿ ಹಾಕಿ ಮರುಪರೀಕ್ಷಿಸಿ.

ದಾವಲ್ ಕುರ್ಚಿ ತಿರುಗಿಸಿ ಅವಳತ್ತ ನೋಡಿದ. ಪಿಎಸ್‌ಎಯನ್ನು ಹೀಗೆ ಅರ್ಧಕ್ಕೆ ಇಳಿಸುವ ಔಷಧಿ ಒಂದು ಗುಂಪಿನದು ಎಂಬುದು ಇಬ್ಬರಿಗೂ ಗೊತ್ತಿತ್ತು. ಮೂತ್ರ ಕಟ್ಟುವ ಮುದುಕರಿಗೆ ಕೊಡುವ ಫಿನಾಸ್ಟೆರೈಡ್. ಅದನ್ನೇ ಸಣ್ಣ ಪ್ರಮಾಣದಲ್ಲಿ ಇನ್ನೊಂದಕ್ಕೂ ಕೊಡುತ್ತಾರೆ. ತಲೆಗೂದಲು ಉದುರದಿರಲು.

"ಸಾಹೇಬ್ರು ಅಂಥಾದ್ದೇನರ..." ಎಂದು ದಾವಲ್ ಶುರು ಮಾಡಿ, ಅವಳ ಮುಖ ನೋಡಿ ನಿಲ್ಲಿಸಿದ.

*

ಚನ್ನವೀರನ ಬಣ್ಣದ ಪೆಟ್ಟಿಗೆಯನ್ನು ಮನೆಯಲ್ಲಿ ಯಾರೂ ಮುಟ್ಟುತ್ತಿರಲಿಲ್ಲ. ಕಂಪನಿಯವರ ಪದ್ಧತಿ ಅದು. ನಟನ ಮೇಕಪ್ಪಿನ ಪೆಟ್ಟಿಗೆಗೆ ಇನ್ನೊಬ್ಬರ ಕೈ ಸೋಕಬಾರದು. ಮುಚ್ಚಳದ ಒಳಗೆ ದೇವರ ಪಟ ಅಂಟಿಸಿರುತ್ತಾರೆ. ದಿನಾ ಊದುಬತ್ತಿ ಬೆಳಗಬೇಕು. ಮೂವತ್ತು ವರ್ಷದಲ್ಲಿ ನೀಲಗಂಗಾ ಅದರ ಮೇಲಿನ ಧೂಳು ಒರೆಸಿದ್ದಳು, ಮುಚ್ಚಳ ಎತ್ತಿರಲಿಲ್ಲ.

ಅವತ್ತು ಮಧ್ಯಾಹ್ನ ಎರಡರ ಬಿಸಿಲಲ್ಲಿ ಮನೆಗೆ ಬಂದವಳು ಚಪ್ಪಲಿ ಬಿಟ್ಟವಳೇ ನೇರ ಹೋಗಿ ಎತ್ತಿದಳು. ಒಣಗಿದ ಬಣ್ಣದ ಕಡ್ಡಿಗಳು, ಪೌಡರು, ಅಂಟಿಸುವ ಮೀಸೆ. ಕೆಳಗಿನ ಖಾನೆಯಲ್ಲಿ ಗುಳಿಗೆಯ ಹಾಳೆಗಳು ರಬ್ಬರ್ ಬ್ಯಾಂಡು ಹಾಕಿ ಜೋಡಿಸಿಟ್ಟಿದ್ದವು. ಫಿನಾಸ್ಟೆರೈಡ್, ಒಂದು ಮಿಲಿಗ್ರಾಂ.

ಮಂಚದ ಮೇಲೆ ಮಲಗಿದ್ದ ಚನ್ನವೀರ ತಲೆದಿಂಬಿನಿಂದಲೇ ನೋಡುತ್ತಿದ್ದ. ಪೆಟ್ಟಿಗೆ ಮುಟ್ಟಿದ್ದಕ್ಕೆ ಬೈಯಲಿಲ್ಲ.

"ಎಷ್ಟ ವರ್ಷದಿಂದ?" ಎಂದಳು.

"ಹತ್ತೊಂಬತ್ತು."

"ಹತ್ತೊಂಬತ್ತ ವರ್ಷ ನಾ ಎಣ್ಣಿ ಕಾಸೀನ್ರಿ. ಉರಿ ಮುಂದ ಕುಂತು."

"ಅದಕ್ಕ ಹೇಳ್ಲಿಲ್ಲ," ಎಂದ. "ನಲವತ್ತೆರಡಕ್ಕ ಮುಂದಿಂದ ಉದುರಾಕ ಚಾಲು ಆತು. ಗದಗದಾಗ ಕ್ಯಾಂಪ್ ಇದ್ದಾಗ ಒಬ್ಬ ಡಾಕ್ಟರ್ ಬರಕೊಟ್ಟ. ಆರ ತಿಂಗಳಿಗೆ ನಿಂತ್ವು. ನೀ ನೋಡಿ, 'ನಮ್ಮ ಎಣ್ಣಿ ನೋಡ್ರಿ' ಅಂತ ನಿಮ್ಮ ಅವ್ವಗ ಫೋನ್ ಮಾಡಿದಿ. ಆಮ್ಯಾಲ ಹೆಂಗ ಹೇಳ್ಲಿ? ನಿನ್ನ ಎಣ್ಣಿ ಹೆಸರ ಉಳೀಲಿ ಅಂತ ಬಿಟ್ಟೆ."

"ಮತ್ತ ನಾ ಫಾರ್ಮ್ ತುಂಬಾಗ? ಗುಳಿಗಿ ಏನರ ತಗೋತೀರೇನು ಅಂತ ಎರಡ ಸಲ ಕೇಳೇನಿ!"

"ಕೂದಲಿಂದೂ ಒಂದು ಗುಳಿಗಿ ಏನು ಅಂತ ಅನ್ಕೊಂಡೆ. ಮ್ಯಾಲ ನಿನ್ನ ತಮ್ಮ ಎದುರಿಗೆ ಕುಂತಿದ್ದ. ಅವನ ಬಾಯಿ ನಿನಗ ಗೊತ್ತಿಲ್ಲೇನು? ಮರುದಿನ ಗದಗಿನ ತನಕ ಡಂಗುರ."

ನೀಲಗಂಗಾ ಮಂಚದ ಅಂಚಿಗೆ ಕೂತಳು. ಕೇಳಬೇಕಾದ ಪ್ರಶ್ನೆ ಒಂದೇ ಉಳಿದಿತ್ತು. ಕಂಟ್ರೋಲ್ ರೂಮಿನಿಂದ ಮನೆಯವರೆಗೆ ಬಸ್ಸಿನಲ್ಲಿ ಅದನ್ನೇ ಹಿಡಿದುಕೊಂಡು ಬಂದಿದ್ದಳು.

"ನಾ ಕೇಳೂ ಬದಲಿ, ಕೇಂದ್ರದಾಗ ಯಾರರ ನಿಮ್ಮನ್ನ ಒಬ್ಬರನ್ನ ಕುಂದರಿಸಿ ಕೇಳಿದ್ರ? ಬಾಗ್ಲಾ ಹಾಕ್ಕೊಂಡು? ಹೇಳ್ತಿದ್ರ್ಯಾ?"

ಚನ್ನವೀರ ಒಂದು ಕ್ಷಣವೂ ತಡೆಯಲಿಲ್ಲ. "ಇಲ್ಲ. ಆಗೂ ಹೇಳ್ತಿದ್ದಿಲ್ಲ. ಯಾರ ಕೇಳಿದ್ರೂ ಹೇಳ್ತಿದ್ದಿಲ್ಲ. ನಿನ್ನ ತಪ್ಪ ಏನೂ ಇಲ್ಲ ನೀಲಾ."

ಆ ದನಿ ಸ್ಪಷ್ಟವಾಗಿತ್ತು, ಹಿಂದಿನ ಸಾಲಿನವರಿಗೂ ಕೇಳಿಸುವಂತಿತ್ತು. ಅವಳು ಅದನ್ನು ನಂಬಲು ನಿರ್ಧರಿಸಿದಳು. ನಂಬದಿದ್ದರೆ ಎದ್ದು ಒಲೆಯ ಮುಂದೆ ಹೋಗಲು ಅವಳಿಂದ ಆಗುತ್ತಿರಲಿಲ್ಲ.

ಆ ತಿಂಗಳೂ ಎಣ್ಣೆ ಕಾಸಿದಳು. ಅವನೂ ತಲೆಯೊಡ್ಡಿ ಹಚ್ಚಿಸಿಕೊಂಡ.

*

ನೀಲಗಂಗಾ ಒಂಬತ್ತು ಪುಟದ ವರದಿ ಬರೆದಳು. ತಾನು ನಿಯಮ ಮುರಿದದ್ದನ್ನು ಮೊದಲ ಸಾಲಿನಲ್ಲೇ ಬರೆದಳು. ಅವಳು ಮನೆಯಲ್ಲೇ ಸಂದರ್ಶನ ಮಾಡಿದ್ದನ್ನು ಕಂಡ ಉಳಿದ ಸಿಬ್ಬಂದಿ, ದೂರದೂರಿನ ರೋಗಿಗಳಿಗೆ ಫೋನಿನಲ್ಲೇ, ಮನೆಯವರ ನಡುವೆಯೇ ಪ್ರಶ್ನೆ ಕೇಳುವುದನ್ನು ರೂಢಿ ಮಾಡಿಕೊಂಡಿದ್ದರು. ಅಂಥ ಹಸಿರು ಚೀಟಿಗಳು ಮೂರು ವರ್ಷದಲ್ಲಿ ನಾನೂರ ಹನ್ನೆರಡು. ಅವರೆಲ್ಲರನ್ನು ಕರೆಸಿ ಮತ್ತೆ ಸ್ಕ್ಯಾನು, ಬಯಾಪ್ಸಿ ಮಾಡಬೇಕೆಂದು ಕೇಳಿಕೊಂಡಳು.

ಮೇಲಿನಿಂದ ಉತ್ತರ ಎರಡು ವಾರದಲ್ಲಿ ಬಂತು. ಸೌಜನ್ಯದ ಪತ್ರ. ಶ್ರೀ ಮುಳಗುಂದ ಅವರ ಪ್ರಕರಣ ವಿಷಾದನೀಯ; ಆದರೆ ಅದು ನಿರೀಕ್ಷಿತ ಶೇಕಡಾ ಐದರ ಮಿತಿಯೊಳಗೇ ಬರುತ್ತದೆ. ನಮೂನೆಯ ಪ್ರಶ್ನೆ ಮೂರಕ್ಕೆ 'ಕೂದಲಿನ ಗುಳಿಗೆ ಸೇರಿ' ಎಂಬ ಪದಗಳನ್ನು ಸೇರಿಸಲಾಗುವುದು. ಮರುಪರೀಕ್ಷೆಯ ಅಗತ್ಯವಿಲ್ಲ, ರೋಗ ಮರಳಿದ್ದರೆ ರಕ್ತದ ಕಾರ್ಡಿನಲ್ಲಿ ತಿಳಿಯುತ್ತದೆ.

"ಆ ಗುಳಿಗಿ ಕಾರ್ಡಿನ ಅಂಕಿನೂ ಅರ್ಧಾ ಮಾಡ್ತೈತಲ್ರಿ!" ಎಂದ ದಾವಲ್. "ಅದನ್ನ ಓದಿದಾರೋ ಇಲ್ಲೋ?"

"ಆರನೇ ಪುಟದಾಗ ಬರದೀನಿ."

ಅವಳು ತಾನೇ ಫೋನು ಮಾಡತೊಡಗಿದಳು. ದಿನಕ್ಕೆ ಇಪ್ಪತ್ತು. ಹೆಚ್ಚಿನ ಮನೆಗಳಲ್ಲಿ ಫೋನು ಎತ್ತಿದ್ದು ಹೆಂಡತಿಯರು. "ಅಯ್ಯ, ನಮ್ಮವ್ರು ಅಂಥಾದ್ದೇನೂ ತಗೊಳ್ಳಂಗಿಲ್ರಿ ಬಾಯಾರ. ತಗೊಂಡ್ರ ನಮಗ ಗೊತ್ತಾಗಂಗಿಲ್ಲೇನ್ರಿ?" ಮಾತು ಒಂದೇ, ಊರು ಬೇರೆ ಬೇರೆ. ಕೆಲವರು ಫೋನನ್ನು ಗಂಡನ ಕಿವಿಗೆ ಹಿಡಿದು, ಪಕ್ಕದಲ್ಲೇ ನಿಂತು, "ಹೇಳ್ರಿ, ಏನೂ ಇಲ್ಲ ಅಂತ ಹೇಳ್ರಿ," ಎನ್ನುತ್ತಿದ್ದರು. ಇಲ್ಲ ಎನ್ನುತ್ತಿದ್ದರು ಗಂಡಂದಿರು. ನೀಲಗಂಗಾ ಪ್ರತಿಯೊಂದು ಹೆಸರಿನ ಮುಂದೆ 'ಇಲ್ಲ' ಎಂದು ಬರೆದಳು. ಯಾವುದನ್ನೂ ನಂಬಲಿಲ್ಲ.

*

ಹಾರ್ಮೋನು ಚಿಕಿತ್ಸೆಗೆ ಹೆಸರು ಹಚ್ಚಲು ಹೊಸ ಸಂದರ್ಶನ ಆಗಬೇಕಿತ್ತು. ಈ ಸಲ ನಿಯಮದಂತೆ. ನೀಲಗಂಗಾ ತನ್ನದೇ ಕೇಂದ್ರದಲ್ಲಿ, ತನ್ನದೇ ವಿಭಾಗದ ಹೊರಗೆ, ರೋಗಿಗಳ ಮನೆಯವರು ಕೂರುವ ಸ್ಟೀಲ್ ಬೆಂಚಿನ ಮೇಲೆ ಕೂತಳು. ಗಾಲಿಕುರ್ಚಿಯಲ್ಲಿದ್ದ ಚನ್ನವೀರನನ್ನು ಒಳಗೆ ಕರೆದೊಯ್ದದ್ದು ಫಿಲೋಮಿನಾ ಎಂಬ ಹೊಸ ನರ್ಸು. ಅವಳು ಅವನ ನಾಟಕ ನೋಡಿದವಳಲ್ಲ.

"ಈ ಇಂಜೆಕ್ಷನ್ ತಗೊಂಡ್ರ ತಲಿಗೂದಲು ಉದುರೂದಿಲ್ಲಂತ," ಎಂದು ಚನ್ನವೀರ ಬಾಗಿಲಲ್ಲಿ ತಿರುಗಿ ಹೇಳಿದ. "ಡಾಕ್ಟರ್ ಹೇಳಿದ್ರು. ಗುಳಿಗಿ ರೊಕ್ಕಾ ಉಳೀತು ನೋಡು."

ಅವಳು ನಗಲೆಂದು ಕಾದ. ಅವಳು ನಕ್ಕಳು. ಬಾಗಿಲು ಮುಚ್ಚಿತು.

ಒಳಗಿನ ಮಾತು ಹೊರಗೆ ಕೇಳದಂತೆ ಆ ಗೋಡೆಗೆ ದಪ್ಪನೆಯ ಹೊದಿಕೆ ಹಾಕಿಸಿದ್ದು ಅವಳೇ. ಪಕ್ಕದ ಬೆಂಚಿನಲ್ಲಿ ನವಲಗುಂದದ ಕಡೆಯ ಹೆಂಗಸೊಬ್ಬಳು, "ಒಳಗ ಏನ ಕೇಳ್ತಾರ್ರಿ ಅಷ್ಟ ಹೊತ್ತು?" ಎಂದಳು. "ನಾ ಬಾಜೂಕ ಇದ್ರ ಎಲ್ಲಾ ನಾನ ಹೇಳ್ತಿದ್ನಲ್ರಿ. ಅವರಿಗೆ ಏನೂ ನೆಪ್ಪ ಇರಂಗಿಲ್ಲ." ಒಂದು ತಾಸು ಹತ್ತು ನಿಮಿಷವಾಯಿತು.

ಬಾಗಿಲು ತೆರೆದಾಗ ಚನ್ನವೀರ ಹಗುರಾಗಿದ್ದಂತೆ ಕಂಡ. ಕಣ್ಣು ಒರೆಸಿಕೊಂಡ ಗುರುತಿತ್ತು. ಅವನನ್ನು ಇಂಜೆಕ್ಷನ್ ಕೋಣೆಗೆ ಕಳಿಸಿ, ಫಿಲೋಮಿನಾ ಹೊರಬಂದು ಒಂದು ಹಾಳೆ ಕೊಟ್ಟಳು. ಯಾವ ಗುಳಿಗೆ ಮುಂದುವರಿಸಬೇಕು, ಯಾವುದು ನಿಲ್ಲಿಸಬೇಕು ಎಂದು ಪ್ರತಿ ರೋಗಿಯ ಮನೆಯವರಿಗೆ ಕೊಡುವ ಹಾಳೆ.

"ಬಿಪಿದು ಹಂಗ ನಡೀಲ್ರಿ ಮೇಡಂ. ಕೂದಲಿಂದು ಬಂದ್ ಮಾಡ್ಯಾರ. ಆಮ್ಯಾಲ ಈ ನೋವಿನ ಗುಳಿಗಿ. ಇದನ್ನೂ ಇವತ್ತಿಂದ ಬಂದ್ ಮಾಡ್ಬೇಕಂತ್ರಿ, ಕಿಡ್ನಿಗೆ ಹೊಡೀತೈತಿ. ಬ್ಯಾರೆ ಬರದಾರ."

"ಯಾವ ನೋವಿನ ಗುಳಿಗಿ?"

ನರ್ಸು ಬೆರಳಿಟ್ಟು ತೋರಿಸಿದಳು. ಮೂರನೆಯ ಸಾಲು. ನೋವುನಿವಾರಕ, ದಿನಕ್ಕೆ ಎರಡು, ಬೆನ್ನುನೋವಿಗೆ. ಅವಧಿ: ಹದಿನಾಲ್ಕು ತಿಂಗಳು.

ಎರಡು ವಾರವಲ್ಲ. ಹದಿನಾಲ್ಕು ತಿಂಗಳ ಹಿಂದೆ, ಅವಳು 1.3 ಎಂದು ಬಂದ ವರದಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಳು. "ನಿಮಗ ಗೊತ್ತಿದ್ದಿಲ್ಲೇನ್ರಿ?" ಎಂದಳು ಫಿಲೋಮಿನಾ ಮೆಲ್ಲಗೆ. "ನಾ ಇನ್ನೂ ಪೂರ್ತಿ ಕೇಳಿದ್ದಿಲ್ರಿ, ಅಷ್ಟರಾಗ ಅವರ ಹೇಳಿದ್ರು."

ಹಾಳೆಯ ತುದಿಯಲ್ಲಿ ಸಣ್ಣ ಅಕ್ಷರದಲ್ಲಿ ಎರಡು ಹೊತ್ತು ಮುದ್ರಿಸಿರುತ್ತಾರೆ. ಸಂದರ್ಶಕರು ನಿಯಮ ಪಾಲಿಸಿದರೋ ಇಲ್ಲವೋ ನೋಡಲೆಂದು ಅವನ್ನು ಅಲ್ಲಿ ಸೇರಿಸಿದವಳು ನೀಲಗಂಗಾ. ಕನ್ನಡಕ ಏರಿಸಿಕೊಂಡು ಓದಿದಳು.

ಬಾಗಿಲು ಮುಚ್ಚಿದ್ದು: 11.04.
ಪ್ರಶ್ನೆ 3 (ಗುಳಿಗೆ), ಉತ್ತರ: 11.06.